ಕಾಲಡಿಯ ಮರಳನ್ನು ನಂಬದವರು

ವರ್ಷಕ್ಕೆ 15 ಪೌಂಡ್ ಸಂಬಳ. ವಾಸಕ್ಕೆ ಕಡಲ ದಂಡೆಯಲ್ಲೊಂದು ಹಳೆಯ ಮನೆ, ಅದಕ್ಕೆ ಹೊಂದಿಕೊಂಡಂತೆ ಒಂದಿಷ್ಟು ಹೊಲ. ಇದಕ್ಕೆ ಪ್ರತಿಯಾಗಿ ಮಾಡಬೇಕಾದ ಕೆಲಸವೆಂದರೆ, ಸಮುದ್ರ ಹಿಂದೆ ಸರಿದು ಮರಳು ಬಯಲಾದಾಗ ಕೈಯಲ್ಲೊಂದು ಕೋಲು ಹಿಡಿದು ಹೊರಡುವುದು. ಯಾವ ಮರಳು ಮನುಷ್ಯನ ಭಾರ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ನೋಡಿಕೊಂಡು ಬರುವುದು. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಮೋರ್ಕಂಬ್ ಕೊಲ್ಲಿಯಲ್ಲಿ 1963ರಿಂದ 2019ರವರೆಗೆ, ಐವತ್ತಾರು ವರ್ಷ, ಸೆಡ್ರಿಕ್ ರಾಬಿನ್ಸನ್ ಎಂಬ ಮೀನುಗಾರ ಈ ಕೆಲಸ ಮಾಡಿದರು. ಸಂಬಳಕ್ಕೆ ಹೋಲಿಸಿದರೆ ಹುದ್ದೆಯ ಹೆಸರು ಮಾತ್ರ ಬಲು ದೊಡ್ಡದು: ಮರಳಿನ ಮೇಲೆ ಮಹಾರಾಣಿಯವರ ಮಾರ್ಗದರ್ಶಿ!

ಮರಳಿಗೂ ಅರಮನೆಗೂ ಎತ್ತಣ ಸಂಬಂಧ ಎಂದು ಯಾರಿಗಾದರೂ ಅನ್ನಿಸೀತು. ಆ ಸಂಬಂಧಕ್ಕೆ ನಾಲ್ಕೂಮುಕ್ಕಾಲು ಶತಮಾನದ ಲಿಖಿತ ಇತಿಹಾಸವಿದೆ. ಅದಕ್ಕೂ ಹಿಂದಿನದು ಮಠಗಳ ಕಾಲದ ಕಥೆ.

ಮೋರ್ಕಂಬ್ ಕೊಲ್ಲಿಗೆ ಕೆಂಟ್, ಲೆವೆನ್, ಕೀರ್, ಲ್ಯೂನ್, ವಯರ್ ಎಂಬ ಐದು ನದಿಗಳು ಬಂದು ಸೇರುತ್ತವೆ. ಉಬ್ಬರದ ಹೊತ್ತಿನಲ್ಲಿ ನೋಡಿದವರಿಗೆ ಇದೊಂದು ಸಾಮಾನ್ಯ ಸಮುದ್ರದ ತುಣುಕು. ಆರೇಳು ಗಂಟೆ ಬಿಟ್ಟು ಅದೇ ದಂಡೆಗೆ ಬಂದರೆ ಸಮುದ್ರವೇ ಮಾಯ! ಕೆಲವೆಡೆ ನೀರು ಹತ್ತು ಹನ್ನೆರಡು ಕಿ.ಮೀ. ದೂರ ಹಿಂದೆ ಸರಿದಿರುತ್ತದೆ. ಆಗ ಬಯಲಾಗುವ ಮರಳು ಮತ್ತು ಕೆಸರಿನ ವಿಸ್ತೀರ್ಣ ಸುಮಾರು 310 ಚದರ ಕಿ.ಮೀ. ಬ್ರಿಟನ್ನಿನಲ್ಲಿ ಒಂದೇ ಕಡೆ ಹೀಗೆ ಹರಡಿಕೊಂಡಿರುವ ಇಷ್ಟು ದೊಡ್ಡ ಮರಳುಬಯಲು ಬೇರೊಂದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ದೊಡ್ಡ ಉಬ್ಬರಗಳಲ್ಲಿ ನೀರಿನ ಮಟ್ಟ ಹತ್ತು ಮೀಟರ್ ಏರಿ ಇಳಿಯುವುದುಂಟು. ನಮ್ಮ ಕರಾವಳಿಯಲ್ಲಿ ಈ ಏರಿಳಿತ ಎರಡು ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ ಎಂಬುದನ್ನು ನೆನೆದರೆ ಅಲ್ಲಿನ ನೀರಿನ ರಭಸ ಎಂಥದೆಂದು ಊಹಿಸಬಹುದು. ಉಬ್ಬರ ಓಡುವ ಕುದುರೆಗಿಂತ ವೇಗವಾಗಿ ಬರುತ್ತದೆ ಎಂಬುದು ಅಲ್ಲಿನವರ ಮಾತು. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ಇರಬಹುದು. ಆದರೆ ಆರ್ನ್‌ಸೈಡ್ ಎಂಬ ಊರಿನಲ್ಲಿ ಉಬ್ಬರ ಬರುವ ಮುನ್ನ ಸೈರನ್ ಊದಿ ಜನರನ್ನು ಎಚ್ಚರಿಸುವ ವ್ಯವಸ್ಥೆ ಮಾಡಿಕೊಂಡಿರುವುದು ಸುಮ್ಮನೆ ಅಲ್ಲ.

ನೀರಿಗೆ ವೇಳಾಪಟ್ಟಿ ಇದೆ. ಇಂದು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಪಂಚಾಂಗ ನೋಡಿದಂತೆ ನೋಡಿ ಹೇಳಬಹುದು. ವೇಳಾಪಟ್ಟಿ ಇಲ್ಲದಿರುವುದು ತಳಕ್ಕೆ. ಕೆಂಟ್ ನದಿ ಮರಳಿನ ಮೇಲೆ ತನ್ನ ಹರಿವನ್ನು ಆಗಾಗ ಬದಲಿಸುತ್ತದೆ. ಕಳೆದ ವಾರ ಗಟ್ಟಿಯಾಗಿದ್ದ ಜಾಗದಲ್ಲಿ ಈ ವಾರ ಎದೆಮಟ್ಟದ ನೀರು ಹರಿಯುತ್ತಿರುತ್ತದೆ. ನದಿ ಬಿಟ್ಟುಹೋದ ಹಳೆಯ ಪಾತ್ರದಲ್ಲಿ ಹೊಸ ಮರಳು ಸಡಿಲವಾಗಿ ತುಂಬಿಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕಾಲಿಟ್ಟ ಮೇಲೆ ತಿಳಿದರೆ ಉಪಯೋಗವಿಲ್ಲ.

ಮಠದಿಂದ ಅರಮನೆಗೆ

ಇಷ್ಟೆಲ್ಲ ಅಪಾಯವಿದ್ದರೂ ಜನ ಮರಳಿನ ಮೇಲೆ ಯಾಕೆ ಹೋಗುತ್ತಿದ್ದರು? ನೆಲದ ದಾರಿ ಅದಕ್ಕಿಂತ ಕಷ್ಟವಾಗಿತ್ತು ಎಂಬುದೇ ಉತ್ತರ. ಕೊಲ್ಲಿಯ ಉತ್ತರಕ್ಕಿರುವ ಕಾರ್ಟ್‌ಮೆಲ್, ಫರ್ನೆಸ್ ಪ್ರದೇಶಗಳು 1974ರವರೆಗೆ ಲ್ಯಾಂಕಾಶೈರ್ ಜಿಲ್ಲೆಗೇ ಸೇರಿದ್ದವು. ಜಿಲ್ಲೆಯ ಉಳಿದ ಭಾಗಕ್ಕೂ ಇವಕ್ಕೂ ನಡುವೆ ಕೊಲ್ಲಿ. ಹಾಗಾಗಿ ಇವನ್ನು ‘ಮರಳಿನಾಚೆಯ ಲ್ಯಾಂಕಾಶೈರ್’ ಎಂದೇ ಕರೆಯುತ್ತಿದ್ದರು. ಬೆಟ್ಟಗುಡ್ಡ, ಜವುಗು ನೆಲಗಳನ್ನು ಸುತ್ತಿ ಬಳಸಿ ಬರುವುದಕ್ಕಿಂತ ಇಳಿತದ ಹೊತ್ತು ನೋಡಿ ಹದಿಮೂರು ಕಿ.ಮೀ. ಮರಳು ದಾಟಿಬಿಡುವುದು ಸುಲಭವೆನಿಸುತ್ತಿತ್ತು. ಲ್ಯಾಂಕಾಸ್ಟರಿನ ಸಂತೆಗೆ, ನ್ಯಾಯಾಲಯಕ್ಕೆ, ಸೆರೆಮನೆಗೆ ಎಲ್ಲದಕ್ಕೂ ಇದೇ ದಾರಿ. 1322ರಲ್ಲಿ ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸನ ಸೈನಿಕರು ಈ ಪ್ರದೇಶವನ್ನು ಕೊಳ್ಳೆ ಹೊಡೆಯಲು ಬಂದಾಗಲೂ ಮರಳನ್ನು ದಾಟಿಯೇ ಬಂದರು.

ಹನ್ನೆರಡನೆಯ ಶತಮಾನದ ಕೊನೆಗೆ ಕಾರ್ಟ್‌ಮೆಲ್‌ನಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವೊಂದು ಸ್ಥಾಪನೆಯಾಯಿತು. ದಾರಿಹೋಕರನ್ನು ಕೆಂಟ್ ನದಿಯ ಮರಳು ದಾಟಿಸುವುದಕ್ಕೆ ಜನರನ್ನು ನೇಮಿಸುವ ಹೊಣೆಯನ್ನು ಈ ಮಠ ಹೊತ್ತುಕೊಂಡಿತು. ಪಕ್ಕದ ಲೆವೆನ್ ನದಿಯ ಮರಳಿಗೆ ಕಾನಿಸ್‌ಹೆಡ್‌ನ ಮಠ. ಫರ್ನೆಸ್ ಮಠದ ಗುರುಗಳು ಹದಿನಾಲ್ಕನೆಯ ಶತಮಾನದಲ್ಲಿ ದೊರೆಗೆ ಒಂದು ಅರ್ಜಿ ಸಲ್ಲಿಸಿದರು. ಮರಳಿನಲ್ಲಿ ಸಾಯುವವರ ಸಂಖ್ಯೆ ಹೆಚ್ಚು, ಸಾವಿನ ವಿಚಾರಣೆಗೆ ತಮ್ಮ ಕಡೆಗೇ ಪ್ರತ್ಯೇಕ ಅಧಿಕಾರಿ ಬೇಕು ಎಂಬುದು ಅದರ ಸಾರಾಂಶ. ದಾರಿ ಎಂಥದಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1530ರ ದಶಕದಲ್ಲಿ ಎಂಟನೆಯ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡ. ಮಠ ಹೋಯಿತು, ಮರಳು ಹೋಗಲಿಲ್ಲ. ದಾಟಿಸುವವರು ಬೇಕೇ ಬೇಕು. ರಾಜಮನೆತನದ ಸ್ವತ್ತಾದ ಡಚಿ ಆಫ್ ಲ್ಯಾಂಕಾಸ್ಟರ್ ಎಂಬ ಸಂಸ್ಥಾನವು ಈ ಹೊಣೆಯನ್ನು ವಹಿಸಿಕೊಂಡು 1548ರಲ್ಲಿ ಥಾಮಸ್ ಹಾಜ್‌ಸನ್ ಎಂಬಾತನನ್ನು ಅಧಿಕೃತವಾಗಿ ನೇಮಿಸಿತು. ಅಲ್ಲಿಂದ ಇಲ್ಲಿಯವರೆಗೆ ಸರಪಳಿ ತುಂಡಾಗಿಲ್ಲ. ರಾಬಿನ್ಸನ್ ಇಪ್ಪತ್ತೈದನೆಯವರು. ಮೊದಲಿಗೆ ಈ ಕೆಲಸದವರನ್ನು ಕಾರ್ಟರ್ ಎಂದು, ಅಂದರೆ ಗಾಡಿಯವ ಎಂದು ಕರೆಯುತ್ತಿದ್ದರು. ತಲೆಮಾರುಗಟ್ಟಲೆ ಒಂದೇ ಮನೆಯವರು ಮಾಡುತ್ತ ಬಂದು ಕೊನೆಗೆ ಕಾರ್ಟರ್ ಎಂಬುದೇ ಅವರ ಮನೆತನದ ಹೆಸರಾಯಿತು. ನಮ್ಮಲ್ಲಿ ಶಾನುಭೋಗ, ಪಟೇಲರ ಮನೆತನಗಳಿಗೆ ಆದದ್ದೂ ಇದೇ ತಾನೆ. ಮಾರ್ಗದರ್ಶಿಯ ಮನೆ ಇರುವ ಬೀದಿಗೆ ಇಂದಿಗೂ ಕಾರ್ಟ್ ಲೇನ್ ಎಂಬ ಹೆಸರೇ ಇದೆ.

ಕಾರ್ಟ್‌ಮೆಲ್ ಚರ್ಚಿನ ದಫ್ತರಗಳಲ್ಲಿ ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಮರಳಿನಲ್ಲಿ ಮುಳುಗಿ ಸತ್ತು ಅಲ್ಲಿ ಮಣ್ಣಾದ ನೂರಕ್ಕೂ ಹೆಚ್ಚು ಮಂದಿಯ ದಾಖಲೆಗಳಿವೆ. ದೇಹ ಸಿಕ್ಕಿದವರ ಲೆಕ್ಕ ಮಾತ್ರ ಇದು. ಅದೂ ಒಂದು ಚರ್ಚಿನದು. ಕೆಂಟ್ ಮತ್ತು ಕೀರ್ ನದಿಗಳು ಎಷ್ಟೋ ಸವಾರರನ್ನು ಅವರ ಕುದುರೆಗಳಿಂದ ಅಗಲಿಸಿವೆ ಎಂಬರ್ಥದ ಗಾದೆಯೊಂದು ಆ ಕಡೆ ಬಳಕೆಯಲ್ಲಿದೆ.

ಮತಪ್ರಚಾರಕ ಜಾನ್ ವೆಸ್ಲಿ 1759ರಲ್ಲಿ ಈ ದಾರಿ ಹಿಡಿದು, ಇಳಿತಕ್ಕಾಗಿ ಕಾದು ಕಾದು ಬೇಸತ್ತು, ಪರಸ್ಥಳದವರು ಯಾರೂ ಇತ್ತ ಬರಬಾರದೆಂದು ದಿನಚರಿಯಲ್ಲಿ ಬರೆದಿಟ್ಟ. ಆದರೂ ಬರುವವರು ಬರುತ್ತಲೇ ಇದ್ದರು. 1781ರಿಂದ ಲ್ಯಾಂಕಾಸ್ಟರ್ ಮತ್ತು ಅಲ್ವರ್ಸ್‌ಟನ್ ನಡುವೆ ಕುದುರೆ ಸಾರೋಟುಗಳ ಸಂಚಾರವೇ ಆರಂಭವಾಯಿತು. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಪ್ರಿಯನಾದ ಕವಿ ವರ್ಡ್ಸ್‌ವರ್ತ್ 1794ರಲ್ಲಿ ಲೆವೆನ್ ಮರಳನ್ನು ದಾಟುತ್ತಿದ್ದಾಗಲೇ ಎದುರಾದ ಪ್ರಯಾಣಿಕನೊಬ್ಬನಿಂದ ಫ್ರಾನ್ಸಿನ ರೋಬೆಸ್ಪಿಯರ್ ಸತ್ತ ಸುದ್ದಿಯನ್ನು ಕೇಳಿದ್ದು. ತನ್ನ ಆತ್ಮಕಥನ ಕಾವ್ಯ ‘ದಿ ಪ್ರಿಲ್ಯೂಡ್’ನಲ್ಲಿ ಆ ಪ್ರಸಂಗವನ್ನು ಸೇರಿಸಿದ್ದಾನೆ. ಚಿತ್ರಕಾರ ಟರ್ನರ್ 1826ರ ಸುಮಾರಿಗೆ ಬರೆದ ‘ಲ್ಯಾಂಕಾಸ್ಟರ್ ಸ್ಯಾಂಡ್ಸ್’ ಜಲವರ್ಣ ಚಿತ್ರದಲ್ಲಿ ಮಳೆಯಲ್ಲಿ ತೊಯ್ದ ಸಾರೋಟೂ ಅದರ ಜೊತೆಗೆ ನೀರಲ್ಲಿ ಕಾಲೆಳೆಯುತ್ತ ನಡೆಯುವ ಜನರೂ ಇದ್ದಾರೆ.

1857ರಲ್ಲಿ ಕೊಲ್ಲಿಯ ಅಂಚಿನ ಉದ್ದಕ್ಕೂ ರೈಲು ಬಂತು. ಸಾರೋಟುಗಳು ನಿಂತವು. ಅಲ್ಲಿಗೆ ದಾರಿಯ ಕಥೆ ಮುಗಿಯಬೇಕಿತ್ತು. ಮುಗಿಯದಿರುವುದಕ್ಕೆ ಕಾರಣ ಮೀನು.

ಕಾಲಲ್ಲಿ ಮೀನು ಹಿಡಿಯುವವರು

ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿಗಿಳಿದು ಬಳಚು ಆರಿಸುವವರನ್ನು ಕಂಡವರಿಗೆ ಮೋರ್ಕಂಬ್ ಕೊಲ್ಲಿಯ ಮೀನುಗಾರರ ಕಸುಬು ಹೊಸದೆನಿಸಲಾರದು. ದೋಣಿಗಿಂತ ಹೆಚ್ಚಾಗಿ ಕಾಲನ್ನೇ ನಂಬಿದ ಮೀನುಗಾರಿಕೆ ಅದು. ಫ್ಲೂಕ್‌ಬರೋ ಎಂಬ ಹಳ್ಳಿಯವರು ಇದರಲ್ಲಿ ಹೆಸರುವಾಸಿ. ರಾಬಿನ್ಸನ್ 1933ರಲ್ಲಿ ಹುಟ್ಟಿದ್ದು ಅದೇ ಹಳ್ಳಿಯಲ್ಲಿ. ಹುಡುಗನಾಗಿದ್ದಾಗಲೇ ಕುದುರೆಗಾಡಿಯ ಜೊತೆ ಮರಳಿಗಿಳಿದವರು.

ಅಲ್ಲಿ ಸಿಗುವ ಫ್ಲೂಕ್ ಎಂಬ ಚಪ್ಪಟೆ ಮೀನು ನಮ್ಮ ಕರಾವಳಿಯ ನಂಗು ಮೀನಿನ ಹಾಗೆ ತಳದ ಮರಳಿನಲ್ಲಿ ಮೈ ಹುದುಗಿಸಿಕೊಂಡು ಮಲಗಿರುತ್ತದೆ. ಇದನ್ನು ಹಿಡಿಯುವ ಒಂದು ಹಳೆಯ ವಿಧಾನ ಬಲು ಸೊಗಸಾದದ್ದು. ಬರಿಗಾಲಲ್ಲಿ ನದಿಯ ಹರಿವಿಗೆ ಇಳಿದು ಮೆಲ್ಲನೆ ತುಳಿಯುತ್ತ ಹೋಗುವುದು. ಪಾದದ ಕೆಳಗೆ ಏನೋ ಮಿಸುಕಿದಂತಾದರೆ ಹಾಗೇ ಒತ್ತಿ ಹಿಡಿದು, ಬಗ್ಗಿ, ಕೈಯಿಂದ ಎತ್ತಿಕೊಳ್ಳುವುದು. ಬಲೆಯಿಲ್ಲ, ಗಾಳವಿಲ್ಲ. ಹೀಗೆ ಮೀನು ಹಿಡಿದು ಬೆಳೆದವರ ಪಾದಕ್ಕೆ ಮರಳಿನ ಗಟ್ಟಿತನ, ಸಡಿಲತನಗಳನ್ನು ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ.

ಕಾಕಲ್ ಎಂಬ ಚಿಪ್ಪಿಮೀನು ಮರಳಿನ ಕೆಳಗೆ ಬೆರಳುದ್ದ ಆಳದಲ್ಲಿರುತ್ತದೆ. ಅದನ್ನು ಮೇಲೆ ತರಲು ಬಳಸುವ ಸಾಧನಕ್ಕೆ ಜಂಬೋ ಎಂದು ಹೆಸರು. ಎರಡು ಹಿಡಿಗಳಿರುವ ಒಂದು ಹಲಗೆ, ಅಷ್ಟೆ. ಅದನ್ನು ಮರಳಿನ ಮೇಲಿಟ್ಟು ತೊಟ್ಟಿಲು ತೂಗಿದ ಹಾಗೆ ಅತ್ತಿತ್ತ ತೂಗುತ್ತಾರೆ. ನಾಲ್ಕು ಸಲ ತೂಗುವಷ್ಟರಲ್ಲಿ ಗಟ್ಟಿಯಾಗಿದ್ದ ಮರಳು ಅಂಬಲಿಯಂತಾಗಿ ನೀರು ಮೇಲಕ್ಕೆ ಬರುತ್ತದೆ, ಜೊತೆಗೇ ಕಾಕಲ್‌ಗಳೂ. ಅವನ್ನು ಕ್ರ್ಯಾಮ್ ಎಂಬ ಮೂರು ಹಲ್ಲಿನ ಬಾಗಿದ ಕವೆಗೋಲಿನಿಂದ ಬುಟ್ಟಿಗೆ ಹಾಕಿ, ಜರಡಿಯಲ್ಲಿ ಜಾಲಿಸಿ ಚಿಕ್ಕವನ್ನು ವಾಪಸು ಬಿಡುತ್ತಾರೆ. ಸೀಗಡಿಗಾದರೆ ನೀರಿನಲ್ಲಿ ಕುದುರೆಗಾಡಿಯ ಹಿಂದೆ ಬಲೆ ಕಟ್ಟಿ ಎಳೆಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಕುದುರೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಕುದುರೆಗೆ ಕಾಲಡಿಯ ನೆಲ ಕುಸಿಯುವುದು ಮೊದಲೇ ತಿಳಿದು ಹೆಜ್ಜೆ ಮುಂದಿಡದೆ ನಿಲ್ಲುವುದುಂಟು. ಟ್ರ್ಯಾಕ್ಟರಿಗೆ ಆ ಬುದ್ಧಿ ಇಲ್ಲ.

ಜಂಬೋ ಹಲಗೆಯ ಕೆಳಗೆ ಆಗುವುದೂ, ಮನುಷ್ಯನ ಕಾಲು ಹೂತುಹೋಗುವಾಗ ಆಗುವುದೂ ಒಂದೇ. ಅನ್ನ ಕೊಡುವ ಗುಣವೇ ಪ್ರಾಣಕ್ಕೂ ಸಂಚಕಾರ ತರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ವಿಜ್ಞಾನದ ಕಡೆ ಹೊರಳಬೇಕು.

ಸೇರಿನ ಅಕ್ಕಿ, ಕೊಲ್ಲಿಯ ಮರಳು

ಅಕ್ಕಿ ಅಳೆಯುವ ಸೇರನ್ನು ಬಾಯಿಮಟ್ಟ ತುಂಬಿ ನಾಲ್ಕು ಸಲ ನೆಲಕ್ಕೆ ಕುಟ್ಟಿದರೆ ಅಕ್ಕಿ ಕುಗ್ಗಿ, ಇನ್ನೊಂದು ಹಿಡಿ ಹಿಡಿಸುತ್ತದೆ. ಕಾಳುಗಳ ನಡುವಿನ ಸಂದುಗಳು ಚಿಕ್ಕದಾಗುವುದೇ ಇದಕ್ಕೆ ಕಾರಣ. ನದಿಯ ಹಳೆಯ ಪಾತ್ರದಲ್ಲಿ ಹೊಸದಾಗಿ ಬಂದು ನಿಂತ ಮರಳೂ ಹೀಗೇ, ಕುಟ್ಟದ ಸೇರಿನ ಅಕ್ಕಿಯಂತೆ ಸಡಿಲ. ಆದರೆ ಅಲ್ಲಿ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿರುತ್ತದೆ. ಮೇಲೆ ಕಾಲಿಟ್ಟಾಗ ಮರಳು ಕುಗ್ಗಲು ನೋಡುತ್ತದೆ. ನೀರಿಗೆ ತಕ್ಷಣ ಹೊರಹೋಗಲು ದಾರಿಯಿಲ್ಲ. ಆಗ ಮನುಷ್ಯನ ಭಾರವನ್ನು ಮರಳಿನ ಕಣಗಳ ಬದಲು ನಡುವಿನ ನೀರು ಹೊರಬೇಕಾಗುತ್ತದೆ. ಕಣಗಳಿಗೆ ಒಂದರ ಮೇಲೊಂದು ಹಿಡಿತ ತಪ್ಪಿ ಇಡೀ ಮರಳು ದ್ರವದಂತೆ ವರ್ತಿಸತೊಡಗುತ್ತದೆ. ಕನ್ನಡದಲ್ಲಿ ಹುದುಲು ಎಂದು ಕರೆಯುವುದು ಇಂಥದನ್ನೇ.

ದಟ್ಟವಾಗಿ ಕೂತ ಮರಳಿನ ನಡವಳಿಕೆ ಇದಕ್ಕೆ ತದ್ವಿರುದ್ಧ. ಸಮುದ್ರದ ದಂಡೆಯ ಒದ್ದೆ ಮರಳಿನ ಮೇಲೆ ನಡೆಯುವಾಗ ಪಾದದ ಸುತ್ತ ಒಂದು ಕ್ಷಣ ಮರಳು ಒಣಗಿ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಒತ್ತಡ ಬಿದ್ದಾಗ ಬಿಗಿಯಾಗಿದ್ದ ಕಣಗಳು ಒಂದರ ಮೇಲೊಂದು ಹತ್ತಿ ಅಗಲಗೊಳ್ಳುತ್ತವೆ, ಸಂದು ಹಿಗ್ಗುತ್ತದೆ, ಮೇಲಿನ ನೀರು ಒಳಕ್ಕೆ ಇಳಿಯುತ್ತದೆ. ಇದನ್ನು 1885ರಲ್ಲಿ ವಿವರಿಸಿದವರು ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದ ಆಸ್ಬರ್ನ್ ರೆನಾಲ್ಡ್ಸ್. ಮೋರ್ಕಂಬ್ ಕೊಲ್ಲಿ ಅಲ್ಲಿಂದ ಹೆಚ್ಚು ದೂರವಿಲ್ಲ. ಅಂದರೆ ಕಾಲ ಸುತ್ತ ಮರಳು ಒಣಗಿದರೆ ಹೆದರಬೇಕಿಲ್ಲ. ಕಾಲ ಸುತ್ತ ನೀರು ಒಸರಿ ನೆಲ ಥಳಥಳನೆ ಅಲುಗಿದರೆ ಅಲ್ಲಿ ನಿಲ್ಲಬಾರದು.

ಸಿನಿಮಾಗಳಲ್ಲಿ ಹುದುಲಿಗೆ ಬಿದ್ದವನು ತಲೆಯವರೆಗೂ ಮುಳುಗಿ, ಕೊನೆಗೆ ಟೋಪಿ ಮಾತ್ರ ತೇಲುವುದನ್ನು ನೋಡಿದ್ದೇವೆ. ಅದು ಸುಳ್ಳು. ಆಮ್ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಡೇನಿಯಲ್ ಬಾನ್ ಮತ್ತು ಸಂಗಡಿಗರು ಇರಾನಿನಿಂದ ತಂದ ಹುದುಲು ಮರಳನ್ನು ಪರೀಕ್ಷಿಸಿ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹುದುಲಿನ ಸಾಂದ್ರತೆ ಮನುಷ್ಯ ದೇಹದ ಸುಮಾರು ಎರಡರಷ್ಟು. ಹಾಗಾಗಿ ಮನುಷ್ಯ ಸೊಂಟದವರೆಗೆ ಇಳಿದು ತೇಲುತ್ತಾನೆಯೇ ಹೊರತು ಪೂರ್ತಿ ಮುಳುಗುವುದಿಲ್ಲ. ಕಷ್ಟವಿರುವುದು ಹೊರಬರುವುದರಲ್ಲಿ. ಒಮ್ಮೆ ಕದಡಿದ ಮರಳು ನೀರಿನಿಂದ ಬೇರ್ಪಟ್ಟು ಕಾಲಿನ ಸುತ್ತ ಮೊದಲಿಗಿಂತ ದಟ್ಟವಾಗಿ ಕೂರುತ್ತದೆ. ಆಗ ಕಾಲನ್ನು ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಮೇಲೆಳೆಯಲು ಬೇಕಾಗುವ ಬಲ ಮಧ್ಯಮ ಗಾತ್ರದ ಒಂದು ಕಾರನ್ನು ಎತ್ತುವ ಬಲಕ್ಕೆ ಸಮ! ಸಿಕ್ಕಿಕೊಂಡವನ ಎರಡು ತೋಳು ಹಿಡಿದು ಜಗ್ಗುವುದು ಎಷ್ಟು ಅಪಾಯವೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಮರಳಿನಲ್ಲಿ ಜನ ಸಾಯುವುದೇಕೆ? ಸೊಂಟದವರೆಗೆ ಸಿಕ್ಕಿಕೊಂಡವನ ಬಳಿಗೆ ಉಬ್ಬರ ಬರುತ್ತದೆ. ಇಲ್ಲವೇ ಚಳಿ ಅವನನ್ನು ಮುಗಿಸುತ್ತದೆ. ಮರಳು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ.

ಕೋಲು ಮತ್ತು ಲಾರೆಲ್ ಕೊಂಬೆ

ಈ ಸಮೀಕರಣಗಳೆಲ್ಲ ಹುಟ್ಟುವುದಕ್ಕೆ ಮುಂಚೆಯೇ ಫ್ಲೂಕ್‌ಬರೋದ ಮೀನುಗಾರರು ತಮ್ಮ ನಿಯಮಗಳನ್ನು ಮಾಡಿಕೊಂಡಿದ್ದರು. ಒಂದು ಕೋಲಿಲ್ಲದೆ ಮರಳಿಗೆ ಇಳಿಯುವುದಿಲ್ಲ. ಮುಂದಿನ ಹೆಜ್ಜೆಗಿಂತ ಮೊದಲು ಕೋಲು ಹೋಗಬೇಕು. ಅದು ಊರಿದಾಗ ಕೈಗೆ ಬರುವ ಪೆಟ್ಟಿನಲ್ಲೇ ತಳದ ಸ್ಥಿತಿ ಗೊತ್ತಾಗುತ್ತದೆ. ನೆಲ ಮೆತ್ತಗಾಯಿತೆನಿಸಿದರೆ ನಿಂತು ಯೋಚಿಸಬಾರದು, ನಿಂತಷ್ಟೂ ಇಳಿಯುವುದೇ ಹೆಚ್ಚು. ಹಗುರವಾಗಿ ಹೆಜ್ಜೆ ಹಾಕುತ್ತಲೇ ಬಂದ ದಾರಿಗೆ ಹಿಂತಿರುಗಬೇಕು, ಏಕೆಂದರೆ ಗಟ್ಟಿ ಎಂದು ಖಾತ್ರಿಯಾಗಿರುವುದು ಹಿಂದಿನ ದಾರಿ ಮಾತ್ರ. ಒಬ್ಬರ ಹೆಜ್ಜೆಯ ಮೇಲೆ ಎಲ್ಲರೂ ಸಾಲಾಗಿ ನಡೆದರೆ ಮರಳು ಕದಡುತ್ತದೆ. ಹಾಗಾಗಿ ಮೆತ್ತನೆಯ ಜಾಗದಲ್ಲಿ ಗುಂಪನ್ನು ಅಗಲವಾಗಿ ಹರಡಿ ದಾಟಿಸುವುದು ಮಾರ್ಗದರ್ಶಿಯ ಕ್ರಮ. ನಿನ್ನೆ ದಾಟಿದ ಜಾಗ ಎಂಬುದು ಇವತ್ತಿಗೆ ಆಧಾರವಾಗುವುದಿಲ್ಲ.

ಇಷ್ಟಾಗಿಯೂ ಕಾಲು ಸಿಕ್ಕಿಬಿದ್ದರೆ? ಬೆನ್ನ ಮೇಲಿನ ಹೊರೆಯನ್ನು ಮೊದಲು ಎಸೆಯಬೇಕು. ಕುರ್ಚಿಯಲ್ಲಿ ಒರಗಿದಂತೆ ಹಿಂದಕ್ಕೆ ಒರಗಿ, ತೋಳು ಚಾಚಿ, ಮೈಭಾರವನ್ನು ಆದಷ್ಟು ಅಗಲಕ್ಕೆ ಹಂಚಬೇಕು. ಕೋಲಿದ್ದರೆ ಬೆನ್ನಡಿಗೆ ಅಡ್ಡವಾಗಿ ಇಟ್ಟುಕೊಳ್ಳಬೇಕು. ಆಮೇಲೆ ಒಂದೊಂದೇ ಕಾಲನ್ನು ಸಣ್ಣಗೆ ಅಲುಗಿಸುತ್ತಿದ್ದರೆ ಕಾಲಿನ ಸುತ್ತ ನೀರು ಇಳಿದು ಮರಳು ಸಡಿಲವಾಗುತ್ತದೆ. ಅವಸರ ಮಾಡಿದಷ್ಟೂ ಬಿಗಿ ಹೆಚ್ಚು. ರಕ್ಷಣಾ ತಂಡಗಳೂ ಇದೇ ತತ್ವವನ್ನು ಯಂತ್ರದಿಂದ ಮಾಡುತ್ತವೆ. ಸಿಕ್ಕಿಕೊಂಡವನ ಕಾಲಿನ ಪಕ್ಕಕ್ಕೆ ಉದ್ದನೆಯ ಕೊಳವೆ ಇಳಿಸಿ ಒತ್ತಡದಿಂದ ನೀರು ಬಿಟ್ಟರೆ ಮರಳು ಮತ್ತೆ ಸಡಿಲಗೊಂಡು ಕಾಲು ಬಿಡುಗಡೆಯಾಗುತ್ತದೆ.

ಮರಳು ತೆಗೆದು ಹೊಂಡ ಬಿದ್ದ ನಮ್ಮ ನದಿಗಳಲ್ಲೂ ಈ ಮಾತುಗಳು ಸಲ್ಲುತ್ತವೆ. ಒಂದು ಮಳೆಗಾಲದ ನೆರೆ ಆ ಹೊಂಡಗಳನ್ನು ಸಡಿಲ ಮರಳಿನಿಂದ ಮುಚ್ಚಿ ಮೇಲೆ ಸಮತಟ್ಟು ಮಾಡಿರುತ್ತದೆ. ಚಿಕ್ಕಂದಿನಿಂದ ಈಜಿದ ಹೊಳೆಯೆಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮಾರ್ಗದರ್ಶಿಯ ಇನ್ನೊಂದು ಸಾಧನ ಲಾರೆಲ್ ಗಿಡದ ಕೊಂಬೆ. ಅಲ್ಲಿನವರ ಬಾಯಲ್ಲಿ ಇದಕ್ಕೆ ಬ್ರಾಬ್ ಎಂದು ಹೆಸರು. ಪರೀಕ್ಷಿಸಿ ಗಟ್ಟಿ ಎಂದು ಕಂಡ ದಾರಿಯುದ್ದಕ್ಕೂ ಈ ಕೊಂಬೆಗಳನ್ನು ಮರಳಿನಲ್ಲಿ ನೆಡುತ್ತಾರೆ. ಲಾರೆಲ್ಲೇ ಏಕೆಂದರೆ ಉಪ್ಪುನೀರಿನ ಹೊಡೆತಕ್ಕೂ ಅದರ ಎಲೆ ಬೇಗ ಉದುರುವುದಿಲ್ಲ, ದೂರದಿಂದ ಕಾಣುತ್ತದೆ. ರಾಬಿನ್ಸನ್ ತಮ್ಮ ಕಾಲದಲ್ಲಿ ಹೀಗೆ ದಾಟಿಸಿದವರ ಸಂಖ್ಯೆ ಸುಮಾರು ಐದು ಲಕ್ಷ ಎಂಬ ಅಂದಾಜಿದೆ. 1985ರಲ್ಲಿ ಎಲಿಜಬೆತ್ ರಾಣಿಯ ಪತಿ ಫಿಲಿಪ್ ರಾಜಕುಮಾರ ಕುದುರೆ ಸಾರೋಟುಗಳ ಸಾಲಿನೊಡನೆ ಕೊಲ್ಲಿ ದಾಟಿದಾಗಲೂ ಮುಂದೆ ನಿಂತು ದಾರಿ ತೋರಿಸಿದವರು ಅವರೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಮಾತಿನಂತೆ ಸಂಬಳ ಮಾತ್ರ ಹದಿನೈದೇ ಪೌಂಡಿನಲ್ಲಿ ಉಳಿಯಿತು. ದಾಟಿದವರು ಕೊಡುತ್ತಿದ್ದ ಕಾಣಿಕೆ ಮತ್ತು ಮೀನು, ಇವೇ ಜೀವನಾಧಾರ.

2004ರ ಫೆಬ್ರುವರಿ 5

ಮಾರ್ಗದರ್ಶಿ ಇದ್ದಾನೆ, ಉಬ್ಬರದ ಪಟ್ಟಿ ಇದೆ, ಮೊಬೈಲ್ ಫೋನ್ ಇದೆ. ಇವೆಲ್ಲ ಇದ್ದೂ ಏನಾಗಬಹುದು ಎಂಬುದನ್ನು ಈ ಶತಮಾನದ ಆರಂಭದ ಎರಡು ದುರಂತಗಳು ತೋರಿಸಿದವು. 2002ರ ಜನವರಿಯಲ್ಲಿ ಅಲ್ವರ್ಸ್‌ಟನ್ ಬಳಿ ಮರಳಿಗೆ ಹೋಗಿದ್ದ ತಂದೆ ಮತ್ತು ಒಂಬತ್ತು ವರ್ಷದ ಮಗ ಮಂಜಿನಲ್ಲಿ ದಿಕ್ಕು ತಪ್ಪಿದರು. ತಂದೆ ಫೋನಿನಲ್ಲಿ ಸಹಾಯ ಕೇಳುತ್ತಲೇ ಇದ್ದ. ಹುಡುಕುವವರು ಮಂಜಿನಲ್ಲಿ ಅವರನ್ನು ಕಾಣಲಾರದೆ ಹೋದರು. ನೀರು ಏರಿದಾಗ ಆತ ಮಗನನ್ನು ಹೆಗಲ ಮೇಲೆ ಹೊತ್ತುಕೊಂಡಿದ್ದ. ಇಬ್ಬರೂ ಉಳಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆಯಾದ ಆರ್‌ಎನ್‌ಎಲ್‌ಐ ಮೋರ್ಕಂಬ್‌ನಲ್ಲಿ ಮರಳು ಮತ್ತು ನೀರು ಎರಡರ ಮೇಲೂ ಓಡಬಲ್ಲ ಹೋವರ್‌ಕ್ರಾಫ್ಟ್ ಒಂದನ್ನು ನಿಯೋಜಿಸಿತು.

ಹದಿನಾಲ್ಕು ತಿಂಗಳೊಳಗೆ ಇನ್ನೂ ದೊಡ್ಡ ದುರಂತ ಬಂತು. ಕೊಲ್ಲಿಯ ಪೂರ್ವ ದಂಡೆಯ ವಾರ್ಟನ್ ಮರಳಿನಲ್ಲಿ ಆ ಚಳಿಗಾಲ ಕಾಕಲ್ ಹೇರಳವಾಗಿತ್ತು. ದೂರದೂರದಿಂದ ಗುಂಪುಗಳು ಬಂದಿದ್ದವು. ಅವುಗಳಲ್ಲಿ ಚೀನಾದಿಂದ, ಹೆಚ್ಚಾಗಿ ಫುಜಿಯನ್ ಪ್ರಾಂತ್ಯದಿಂದ, ಕದ್ದು ಬಂದ ಕೂಲಿಗಳ ಗುಂಪೂ ಒಂದು. ಸಾಲ ಮಾಡಿ ದೇಶ ಬಿಟ್ಟವರು. ದಾಖಲೆಪತ್ರ ಇಲ್ಲದವರು. 25 ಕಿಲೋ ಕಾಕಲ್ ಚೀಲವೊಂದಕ್ಕೆ ಅವರಿಗೆ ಸಿಗುತ್ತಿದ್ದುದು 5 ಪೌಂಡ್. ಫೆಬ್ರುವರಿ 5ರಂದು ಕತ್ತಲಾದ ಮೇಲೂ ಮೂವತ್ತಕ್ಕೂ ಹೆಚ್ಚು ಮಂದಿ ದಂಡೆಯಿಂದ ದೂರ ಕೆಲಸ ಮಾಡುತ್ತಿದ್ದರು. ಮರಳಿನಿಂದ ವಾಪಸಾಗುತ್ತಿದ್ದ ಸ್ಥಳೀಯರು ಅವರನ್ನು ಕಂಡು ಕೈಗಡಿಯಾರವನ್ನು ತಟ್ಟಿ ತೋರಿಸಿ ಎಚ್ಚರಿಸಿದ್ದು ಆಮೇಲೆ ವಿಚಾರಣೆಯಲ್ಲಿ ಹೊರಬಿತ್ತು. ಭಾಷೆ ಬಾರದವರಿಗೆ ಅದು ಎಷ್ಟು ಅರ್ಥವಾಯಿತೋ!

ಉಬ್ಬರ ಮೊದಲು ತುಂಬುವುದು ದಂಡೆಗೂ ಮರಳು ದಿಬ್ಬಕ್ಕೂ ನಡುವಿನ ತಗ್ಗುಗಳನ್ನು. ಕಾಲ ಬಳಿ ನೀರು ಕಾಣಿಸುವ ಹೊತ್ತಿಗೆ ಹಿಂದಿನ ದಾರಿ ಆಗಲೇ ಮುಚ್ಚಿಹೋಗಿರುತ್ತದೆ. ಗುಂಪಿನಲ್ಲಿದ್ದ ಒಬ್ಬ ತುರ್ತು ಸೇವೆಗೆ ಫೋನ್ ಮಾಡಿದ. ಮುಳುಗುವುದಕ್ಕೂ ನೀರಿಗೂ ಇರುವ ಇಂಗ್ಲಿಷ್ ಪದಗಳನ್ನಷ್ಟೇ ಹೇಳಲು ಆತನಿಗೆ ಸಾಧ್ಯವಾಯಿತು. ಆ ರಾತ್ರಿ ಸತ್ತವರು 23 ಮಂದಿ. 21 ದೇಹಗಳು ಆಗ ಸಿಕ್ಕವು. ಒಬ್ಬ ಮಹಿಳೆಯ ಅವಶೇಷ 2010ರಲ್ಲಿ ಸಿಕ್ಕಿತು. ಇನ್ನೊಬ್ಬರದು ಸಿಗಲೇ ಇಲ್ಲ. ಪ್ರೀಸ್ಟ್ ಸ್ಕಿಯರ್ ಎಂಬ ಕಲ್ಲುದಿಬ್ಬದ ಮೇಲೆ ನಡುಗುತ್ತಿದ್ದ ಒಬ್ಬನನ್ನು ಜೀವರಕ್ಷಕ ದೋಣಿಯವರು ಎತ್ತಿಕೊಂಡರು.

ಕೂಲಿಗಳನ್ನು ಮರಳಿಗೆ ಕಳಿಸಿದ ಗುತ್ತಿಗೆದಾರ ಲಿನ್ ಲಿಯಾಂಗ್ರೆನ್‌ಗೆ 2006ರಲ್ಲಿ ನ್ಯಾಯಾಲಯ 14 ವರ್ಷ ಸೆರೆವಾಸ ವಿಧಿಸಿತು. 21 ಮಂದಿಯ ಸಾವಿಗೆ ಕಾರಣನಾದನೆಂಬುದು ಆತನ ಮೇಲೆ ಸಾಬೀತಾದ ಆರೋಪ. ಕೃಷಿ ಮತ್ತು ಚಿಪ್ಪಿಮೀನಿನ ಕೆಲಸಗಳಿಗೆ ಕೂಲಿ ಒದಗಿಸುವ ಗುತ್ತಿಗೆದಾರರು ಪರವಾನಗಿ ಪಡೆಯಲೇಬೇಕೆಂಬ ಕಾನೂನು 2004ರಲ್ಲೇ ಬ್ರಿಟಿಷ್ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಅದನ್ನು ಜಾರಿಗೊಳಿಸಲು ಮರುವರ್ಷ ಪ್ರಾಧಿಕಾರವೂ ಬಂತು. ಸತ್ತವರು ಆರಿಸಿದ ಕಾಕಲ್‌ಗಳನ್ನು ಕೊಂಡು ಲಾಭ ಮಾಡಿಕೊಳ್ಳುತ್ತಿದ್ದ ವ್ಯಾಪಾರದ ಮೇಲಿನ ತುದಿಗೆ ಈ ಶಿಕ್ಷೆಯ ಬಿಸಿ ತಟ್ಟಲಿಲ್ಲ ಎಂಬುದೂ ನಿಜ.

ಆ 23 ಮಂದಿಯಲ್ಲಿ ಯಾರಿಗೂ ಕಾಲಡಿಯ ಮರಳಿನ ಪರಿಚಯ ಇರಲಿಲ್ಲ. ಫ್ಲೂಕ್‌ಬರೋದ ಹುಡುಗ ಹತ್ತು ವರ್ಷ ತಂದೆಯ ಹಿಂದೆ ನಡೆದು ಕಲಿಯುತ್ತಿದ್ದುದನ್ನು ಅವರಿಗೆ ಯಾರೂ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಮರಳಿಗೆ ಇಳಿಯಬೇಕಾದರೆ ಅವರಿಗೆ ಕೊಟ್ಟಿದ್ದು ಜಂಬೋ, ಕವೆಗೋಲು ಮತ್ತು ಖಾಲಿ ಚೀಲಗಳನ್ನು.

ಇಪ್ಪತ್ತಾರನೆಯವರು

ರಾಬಿನ್ಸನ್ 2019ರಲ್ಲಿ ನಿವೃತ್ತರಾಗಿ, 2021ರ ನವೆಂಬರಿನಲ್ಲಿ ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದವರು ಮೈಕೆಲ್ ವಿಲ್ಸನ್. ಅವರೂ ಫ್ಲೂಕ್‌ಬರೋದ ಮೀನುಗಾರರೇ, ಅವರದೂ ಮರಳನ್ನೇ ನಂಬಿದ ಬದುಕು. 2022ರಲ್ಲಿ ಎಲಿಜಬೆತ್ ರಾಣಿ ತೀರಿಕೊಂಡು ಮೂರನೆಯ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಹುದ್ದೆಯ ಹೆಸರಿನಲ್ಲಿ ಒಂದು ಪದ ಬದಲಾಯಿತು: ಮಹಾರಾಣಿಯ ಮಾರ್ಗದರ್ಶಿ ಹೋಗಿ ಮಹಾರಾಜರ ಮಾರ್ಗದರ್ಶಿ.

ಈಗ ಕೊಲ್ಲಿ ದಾಟುವವರಲ್ಲಿ ಸಂತೆಗೆ ಹೋಗುವವರಿಲ್ಲ. ಬೇಸಿಗೆಯ ರಜಾದಿನಗಳಲ್ಲಿ ಧರ್ಮಕಾರ್ಯಗಳಿಗೆ ಹಣ ಕೂಡಿಸಲೆಂದು ನೂರಾರು ಮಂದಿ ಒಟ್ಟಾಗಿ ಬರುತ್ತಾರೆ. ಮಕ್ಕಳಿರುತ್ತಾರೆ, ನಾಯಿಗಳಿರುತ್ತವೆ. ಅವರು ಬರುವ ಮುನ್ನವೇ ಮಾರ್ಗದರ್ಶಿ ಇಳಿತ ನೋಡಿಕೊಂಡು ಹೊರಟು, ನದಿ ಎಲ್ಲಿ ಹರಿಯುತ್ತಿದೆ, ಎಷ್ಟು ಆಳವಿದೆ, ಆಚೆ ದಂಡೆಯಲ್ಲಿ ಹತ್ತಲು ಗಟ್ಟಿ ಜಾಗ ಎಲ್ಲಿದೆ ಎಂದು ಕೋಲೂರಿ ನೋಡಿ, ಲಾರೆಲ್ ಕೊಂಬೆಗಳನ್ನು ನೆಟ್ಟು ಬರುತ್ತಾರೆ. ಮುಂದಿನ ಉಬ್ಬರ ಅವುಗಳಲ್ಲಿ ಕೆಲವನ್ನು ಕಿತ್ತುಕೊಂಡು ಹೋಗುತ್ತದೆ. ಅವರು ಮತ್ತೆ ಹೋಗಿ ನೆಡುತ್ತಾರೆ.